ಚುಚ್ಚದ ಓಲೆ

ನಮ್ಮ ಅತ್ತೆಯ ಬಲಗಿವಿಯ ಹಾಲೆ ಎರಡು ಸೀಳಾಗಿದೆ. ಮದುವೆಯಾಗಿ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬಂದು ಎಷ್ಟೋ ತಿಂಗಳು ಕಳೆದರೂ ನನಗದು ಗೊತ್ತಾಗಿರಲಿಲ್ಲ. ಗೊತ್ತಾಗದ ಹಾಗೆ ಸೆರಗು ಹೊದೆಯುವುದರಲ್ಲಿ ಅವರದು ಪಳಗಿದ ಕೈ. ರೊಟ್ಟಿ ಬಡಿಯುವಾಗಲೂ, ಹಿತ್ತಲಲ್ಲಿ ಬಟ್ಟೆ ಒಗೆಯುವಾಗಲೂ ಆ ಸೆರಗು ಎರಡೂ ಕಿವಿಯ ಮೇಲೆ ಅಂಟಿಸಿಟ್ಟಂತೆ ಕೂತಿರುತ್ತಿತ್ತು. ನಾನದನ್ನು ಈ ಮನೆಯ ಪದ್ಧತಿ ಎಂದುಕೊಂಡು ನನ್ನ ಸೆರಗನ್ನೂ ಹಾಗೇ ಹೊದ್ದು, ಸೆಕೆಗೆ ಬೆಂದು, ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಒಂದು ದಿನ ಅವರು ತಲೆ ಎರೆದುಕೊಂಡು ಬಿಸಿಲಿಗೆ ಕೂದಲು ಒಣಗಿಸುತ್ತ ಕೂತಾಗ ಕಿವಿ ಕಂಡಿತು. ಎಡಗಿವಿಯ ತೂತು ಚೆನ್ನಾಗಿಯೇ ಇತ್ತು, ಅಲ್ಲಿಯೂ ಏನೂ ಇರಲಿಲ್ಲ. ಒಂದೇ ಕಿವಿಗೆ ಓಲೆ ಇಟ್ಟುಕೊಂಡು ತಿರುಗುವುದಾದರೂ ಹೇಗೆ?

“ಎಮ್ಮಿ ಹಗ್ಗಕ್ಕ ಬೆಂಡೋಲಿ ಸಿಕ್ಕು ಹರೀತವಾ,” ಎಂದರು, ನಾನು ಕೇಳುವ ಮೊದಲೇ. ಎಷ್ಟೋ ಜನರಿಗೆ ಹೇಳಿ ಸವೆದ ಮಾತು ಅದು.

ಹಾವೇರಿಯ ಡಾಕ್ಟರೊಬ್ಬರ ಹತ್ತಿರ ಒಮ್ಮೆ ಹೊಲಿಸಿದ್ದರಂತೆ. ಗಾಯ ಮಾಯ್ದು, ಮತ್ತೆ ಚುಚ್ಚಿಸಿ, ಓಲೆ ಇಟ್ಟುಕೊಂಡ ಮೇಲೆ ಅದೇ ಗೆರೆಯಲ್ಲಿ ಮತ್ತೆ ಹರಿಯಿತು. ಇನ್ನೊಮ್ಮೆ ಹೊಲಿಸೋಣ ಎಂದರೆ ಅತ್ತೆ ಒಪ್ಪಲಿಲ್ಲ. “ಕಿವಿ ಏನ್ ಕೌದಿ ಏನ, ಹರದಾಗೊಮ್ಮೆ ಹೊಲ್ಯಾಕ?” ಎಂದು ಆ ಮಾತನ್ನೇ ಮುಗಿಸಿಬಿಟ್ಟಿದ್ದರು. ಕೆಂಪು ಹರಳಿನ ಆ ಬೆಂಡೋಲೆ ಕರಗಿ ಮಗಳ ಉಂಗುರವಾಗಿತ್ತು.

ನಮ್ಮ ಕಡೆ ಗಂಡನಿರುವ ಹೆಂಗಸು ಬರಿಗಿವಿಯಲ್ಲಿ ಶುಭಕಾರ್ಯಕ್ಕೆ ಮುಂದಾಗುವುದಿಲ್ಲ. ಯಾರೂ ಬಾಯಿಬಿಟ್ಟು ಬೇಡ ಎನ್ನುವುದಿಲ್ಲ, ಸುಮ್ಮನೆ ಕಿವಿಯ ಕಡೆ ನೋಡುತ್ತಾರೆ, ಅಷ್ಟೇ. ಅಷ್ಟು ಸಾಕು. ಹಾಗಾಗಿ ಆರತಿಗೆ ಮುತ್ತೈದೆಯರನ್ನು ಕರೆಯುವ ಹೊತ್ತಿಗೆ ಸರಿಯಾಗಿ ಅತ್ತೆಗೆ ಒಲೆಯ ಮೇಲಿನ ಸಾರು ನೆನಪಾಗುತ್ತಿತ್ತು. ನನ್ನ ಮದುವೆಯ ಫೋಟೋಗಳನ್ನೆಲ್ಲ ತಿರುವಿ ಹಾಕಿದರೂ ಅವರು ಸಿಗುವುದಿಲ್ಲ. ಒಂದರಲ್ಲಿ ಮಾತ್ರ, ಹಿಂದೆ, ಬಾಗಿಲ ಸಂದಿಯಲ್ಲಿ ಅರ್ಧ ಮುಖವೂ ಒಂದು ಸೌಟೂ ಕಾಣುತ್ತವೆ.

ನನ್ನ ನಾದಿನಿ ಬಸುರಿಯಾದಾಗ ಕುಬಸದ ಮಾತು ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ದಿನ ಅದು. ಮೊದಲು ಉಡಿ ತುಂಬಬೇಕಾದವಳು ಹೆತ್ತ ತಾಯಿ. ನಾದಿನಿ ಗಂಡನ ಮನೆಯಿಂದ ನನಗೆ ಫೋನ್ ಮಾಡಿದಳು.

“ವೈನಿ, ಅವ್ವ ಈ ಸಲನೂ ಅಡಗಿ ಮನಿಗೆ ಹೊಕ್ಕೊಂಡ್ರ ನಾ ಕುಬಸನ ಮಾಡ್ಕೊಳ್ಳೂದಿಲ್ಲ. ನೀ ದಿನಾ ಆ ಮಣ್ಣಾಗ ಏನೇನರ ಮಾಡತಿಯಲ್ಲ, ಅಕೀಗೊಂದು ಓಲಿ ಮಾಡು.”

ಮಾಡುತ್ತೇನೆ ಎಂದುಬಿಟ್ಟೆ. ಹಿಂದೆ ಮುಂದೆ ನೋಡದೆ ಒಪ್ಪಿಕೊಳ್ಳುವುದು ನನ್ನ ಹುಟ್ಟುಗುಣ. ಒಪ್ಪಿಕೊಂಡ ಮೇಲೆ ಬಿಡದಿರುವುದು ಅದಕ್ಕಿಂತ ಕೆಟ್ಟ ಗುಣ ಎಂದು ನನ್ನ ಅಣ್ಣ ಹೇಳುತ್ತಾನೆ.

ಅವಳು ಹೇಳಿದ ಮಣ್ಣು ಎಂದರೆ ಪಾಲಿಮರ್ ಕ್ಲೇ. ಹೆಸರಿಗೆ ಮಣ್ಣು, ಒಳಗೆಲ್ಲ ಪ್ಲಾಸ್ಟಿಕ್ಕು. ಬಣ್ಣಬಣ್ಣದ ಕಣಕದಂತೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ನಾದಿ, ಲಟ್ಟಿಸಿ, ಬೇಕಾದ ಆಕಾರ ಕೊಟ್ಟು, ಓವನ್ನಿನಲ್ಲಿ ಸಣ್ಣ ಶಾಖಕ್ಕೆ ಬೇಯಿಸಿದರೆ ಗಟ್ಟಿಯಾಗುತ್ತದೆ. ಫೋನಿನಲ್ಲಿ ಯಾರೋ ಮಾಡುವುದನ್ನು ನೋಡಿ ಕಲಿತದ್ದು. ಮೊದಮೊದಲು ಮಾಡಿದ್ದು ಓಲೆಯೋ ಒಣಗಿದ ಸಂಡಿಗೆಯೋ ಎಂದು ನನಗೇ ತಿಳಿಯುತ್ತಿರಲಿಲ್ಲ. ಅತ್ತೆ ಅದಕ್ಕೆ “ಹುಸಿಮಣ್ಣು” ಎಂದು ಹೆಸರಿಟ್ಟಿದ್ದರು. ಆದರೆ ಆ ಹುಸಿಮಣ್ಣಿಗೆ ಒಂದು ಗುಣವಿತ್ತು. ಅದಕ್ಕೆ ಭಾರವೇ ಇಲ್ಲ. ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಇರುವುದಿಲ್ಲ. ಬಂಗಾರ ಹರಿದ ಕಿವಿಗೆ ಇದೇ ಸರಿ ಎಂದು ನನಗೆ ಅನಿಸಿತ್ತು.

ಬ್ಯಾಡಗಿಯಲ್ಲಿ ಈ ಕೆಲಸ ಮಾಡುವುದೆಂದರೆ ಗಾಳಿಯ ಜೊತೆ ಗುದ್ದಾಟ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಮಾರುಕಟ್ಟೆ ಯಾರ್ಡಿನ ಕಡೆಯಿಂದ ಬರುವ ಪುಡಿ ಒಣಹಾಕಿದ ಸೀರೆಯ ಮೇಲೆ, ಮೊಸರಿನ ಕೆನೆಯ ಮೇಲೆ, ಕಣ್ಣರೆಪ್ಪೆಯ ಮೇಲೆ ಎಲ್ಲ ಕಡೆ ಕೂರುತ್ತದೆ. ನಮಗದು ಕಾಣಿಸುವುದೂ ಇಲ್ಲ. ಬಿಳಿ ಕ್ಲೇಗೆ ಮಾತ್ರ ಕಾಣಿಸುತ್ತದೆ. ನಾದಿ ಮುಗಿಸುವಷ್ಟರಲ್ಲಿ ದಡಾರ ಎದ್ದ ಕೂಸಿನ ಹಾಗೆ ಮೈತುಂಬ ಕೆಂಪು ಚುಕ್ಕೆ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದೆ, ಕೈಯನ್ನು ಗಳಿಗೆಗೊಮ್ಮೆ ತೊಳೆದೆ, ದೇವರ ಕೋಣೆಯಲ್ಲಿ ಕೂತು ನಾದಿ ಮಾವನಿಂದ ಬೈಸಿಕೊಂಡೆ. ಕೊನೆಗೆ ಸುಗ್ಗಿಯಲ್ಲಿ ಕೆಂಪು, ಮಳೆಗಾಲದಲ್ಲಿ ಬಿಳಿ ಎಂದು ನನಗೆ ನಾನೇ ಕಾನೂನು ಮಾಡಿಕೊಂಡೆ.

ಅತ್ತೆಗೂ ಕೆಂಪೇ ಬೇಕಿತ್ತು. ಬೇಕು ಎಂದು ಅವರೇನೂ ಹೇಳಲಿಲ್ಲ. ನಾನು ಕೆದಕಿ ಕೇಳಿದ ಮೇಲೆ, ಆ ಹಳೆಯ ಬೆಂಡೋಲೆಯ ಹರಳು ಹದವಾಗಿ ಒಣಗಿದ ಮೆಣಸಿನಕಾಯಿಯನ್ನು ಬಿಸಿಲಿಗೆ ಹಿಡಿದರೆ ಕಾಣುವ ಕೆಂಪಿತ್ತು ಎಂದರು. ಅಂಗಡಿಯ ಕೆಂಪು ಕ್ಲೇ ಬಸ್ಸಿನ ಕೆಂಪು. ಅದು ಬೇರೆ, ಇದು ಬೇರೆ. ಆಗ ನನ್ನ ತಲೆಗೆ ಬ್ಯಾಡಗಿಯವರ ತಲೆಗೆ ಮಾತ್ರ ಹೊಳೆಯಬಹುದಾದ ಯೋಚನೆಯೊಂದು ಹೊಳೆಯಿತು. ಬಣ್ಣವಿಲ್ಲದ, ಅರೆಪಾರದರ್ಶಕ ಕ್ಲೇಗೆ ನಮ್ಮದೇ ಖಾರದ ಪುಡಿ ಬೆರೆಸಿದರೆ? ಬೇರೆ ಊರಿನ ಮೆಣಸಿನಕಾಯಿ ಆಗಿದ್ದರೆ ಹೆದರುತ್ತಿದ್ದೆನೇನೋ. ನಮ್ಮದಕ್ಕೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಊರಿಗೆ ಊರೇ ಜಂಬ ಕೊಚ್ಚಿಕೊಳ್ಳುತ್ತದಲ್ಲ. ನಾನೂ ಅದನ್ನು ನಂಬಿದವಳೇ.

ಆಗ ನನ್ನ ಹತ್ತಿರ ಓವನ್ ಇರಲಿಲ್ಲ. ರಾಣೆಬೆನ್ನೂರಿನಲ್ಲಿ ಅಣ್ಣನದೊಂದು ಸಣ್ಣ ಬೇಕರಿಯಿದೆ. ಬನ್ನು, ಟೋಸ್ಟು ಎಲ್ಲ ಇಳಿದ ಮೇಲೆ ಉಳಿದ ಶಾಖದಲ್ಲಿ ನನ್ನ ಓಲೆಗಳನ್ನು ಹಾಳಾದ ಒಂದು ತಗಡಿನ ಮೇಲಿಟ್ಟು ಬೇಯಿಸಿಕೊಳ್ಳಲು ಅವನು ಅನುಮತಿ ಕೊಟ್ಟಿದ್ದ. ಖಾರದ ಪುಡಿ ಬೆರೆಸಿದ್ದನ್ನು ಅವನಿಗೆ ಹೇಳಲಿಲ್ಲ. ಒಳಗಿಟ್ಟು ಚಹಾ ಕುಡಿಯುತ್ತ ಕೂತೆವು. ಮೊದಲು ಅಣ್ಣ ಸೀನಿದ. ಆಮೇಲೆ ಬನ್ನಿಗಾಗಿ ನಿಂತಿದ್ದ ಮಾಸ್ತರರೊಬ್ಬರು ಸೀನಿದರು. ನೋಡನೋಡುತ್ತಿದ್ದಂತೆ ಘಾಟು ಎದ್ದು ಇಡೀ ಅಂಗಡಿ ಕೆಮ್ಮುತ್ತ ರಸ್ತೆಗೆ ಬಂತು. ಎದುರಿನ ಟೇಲರ್ ಅಂಗಡಿಯವರು ಮೂಗು ಹಿಡಿದುಕೊಂಡು, “ಯಾರಿಗರ ದೃಷ್ಟಿ ತಗದೀರೇನ್ರಿ?” ಎಂದು ಕೇಳಿದರು. ಅಣ್ಣ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ನೋಡಿದ.

“ಖಾರ ಹಾಕೀಯೇನು?”

“ಬ್ಯಾಡಗಿದು ಹಾಕೇನಿ. ಅದು ಖಾರ ಇರೂದಿಲ್ಲ,” ಎಂದೆ ಕೆಮ್ಮಿನ ನಡುವೆ.

“ನಾಳೆಯಿಂದ ನಿನ್ನ ಮಣ್ಣು ನಿನ್ನ ಮನ್ಯಾಗ ಸುಟ್ಕೋ ತಾಯಿ. ತಾ ಹಿಡದ ಮೊಲಕ್ಕ ಮೂರ ಕಾಲು ಅನ್ನೂ ಪೈಕಿ ನೀ.”

ಓಲೆ ಕೆಂಪಾಗಲಿಲ್ಲ. ಕರಿದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಉಜ್ಜಿ ನುಣುಪು ಮಾಡಿದ ಕೈಯಲ್ಲೇ ಕಣ್ಣು ಮುಟ್ಟಿಕೊಂಡು ಸಂಜೆಯವರೆಗೆ ಅಳುತ್ತ ಕೂತೆ. ಅತ್ತದ್ದು ಬರೀ ಖಾರಕ್ಕಲ್ಲ.

ಕುಬಸಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಬಸ್ಸಿನ ಕೆಂಪೇ ಇರಲಿ ಎಂದುಕೊಂಡು ಪುಟ್ಟ ದುಂಡನೆಯ ಎರಡು ಬೆಂಡೋಲೆ ಮಾಡಿದೆ. ಪರಿಚಯದವರ ಓವನ್ನಿನಲ್ಲಿ ಕಾಡಿ ಬೇಡಿ ಬೇಯಿಸಿಕೊಂಡೆ. ಸೀಳಿದ ಹಾಲೆಗೆ ಚುಚ್ಚಲು ಬರುವುದಿಲ್ಲ. ಒತ್ತಿ ಹಿಡಿಯುವ ಕ್ಲಿಪ್ಪು ಹಾಕಿದರೆ ನೋವು. ಹಣೆಗೆ ಬಿಂದಿ ಅಂಟಿಸುವ ಗೋಂದು ಹಚ್ಚಿ ಅಂಟಿಸಿಬಿಟ್ಟೆ. ಓಲೆ ಹಗುರವಾಗಿದ್ದರಿಂದ ನಿಂತಿತು. ಅತ್ತೆ ಕನ್ನಡಿಯಲ್ಲಿ ನೋಡಿಕೊಂಡು ಸೆರಗನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದರು. ಆ ಒಂದು ಬೆರಳನ್ನು ನೋಡಿ ನನಗೆ ಹಬ್ಬವಾಯಿತು.

ಕುಬಸದ ದಿನ ಅವರು ಮುಂದೆಯೇ ಕೂತರು. ಮಗಳ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿದರು. ಎಲ್ಲವೂ ಚೆನ್ನಾಗಿ ನಡೆಯಿತು. ಆಮೇಲೆ, ಸುಮ್ಮನೆ ಕೂರಲಾರದೆ, ಗೋಧಿ ಹುಗ್ಗಿ ಬಡಿಸಲು ತಾವೇ ಎದ್ದರು. ಬಿಸಿ ಹುಗ್ಗಿಯ ಪಾತ್ರೆಗೆ ಬಗ್ಗಿ ಬಗ್ಗಿ ಬಡಿಸಿದರೆ ಬೆವರು ಬಾರದೆ ಇರುತ್ತದೆಯೇ? ಪಂಕ್ತಿಯ ನಡುವೆ ದೂರದ ಸಂಬಂಧಿಕಳೊಬ್ಬಳು ಬಾಯಿಂದ ಏನನ್ನೋ ತೆಗೆದು ಎಲೆಯ ಅಂಚಿಗಿಟ್ಟು, “ಇದ ಯಾರ ಕಿವಿದು?” ಎಂದು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಪಂಕ್ತಿಯಲ್ಲಿದ್ದವರೆಲ್ಲ ತಲೆ ಎತ್ತಿ ಅತ್ತೆಯ ಕಿವಿಯನ್ನೇ ನೋಡಿದರು. ಸೀಳಿದ ಹಾಲೆ, ಅದರ ಮೇಲೆ ಹೊಳೆಯುವ ಗೋಂದು. ಅತ್ತೆ ಸೌಟನ್ನು ಪಾತ್ರೆಯಲ್ಲಿ ಮೆಲ್ಲಗೆ ಬಿಟ್ಟು, ಸೆರಗು ಎಳೆದುಕೊಂಡು ಹಿತ್ತಲಿಗೆ ಹೋದರು.

ನಾನು ಹಿಂದೆಯೇ ಹೋದೆ. ನನಗೆ ಅಳು ಬಂತು. ಅತ್ತೆಯೇ ನನ್ನ ಕಣ್ಣೊರೆಸಿ, “ನಂದೊಂದು ಮಾತು ನಡಸವಾ. ಇನ್ನ ಮ್ಯಾಲೆ ನನ್ನ ಕಿವಿ ಉಸಾಬರಿಗೆ ಬರಬ್ಯಾಡ,” ಎಂದರು. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಹೂಂ ಎಂದೆ. ಎಂದವಳು ಬಿಟ್ಟೆನೇ? ಬಿಡಲಿಲ್ಲ. ಆದರೆ ಬಹಳ ದಿನ ಅವರೆದುರು ಕ್ಲೇ ಪ್ಯಾಕೆಟ್ ಬಿಚ್ಚಲಿಲ್ಲ.

ಬೇಸಿಗೆಯ ಕೊನೆಗೆ ನಾದಿನಿ ನಮ್ಮ ಮನೆಯಲ್ಲೇ ಹೆತ್ತಳು. ಗಂಡುಕೂಸು. ಬಾಣಂತನವೆಲ್ಲ ಅತ್ತೆಯದೇ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಲೋಬಾನದ ಹೊಗೆ ಹಾಕುವುದು, ಸುತ್ತಿ ಮಲಗಿಸುವುದು. ಅವರಷ್ಟು ಪ್ರೀತಿಯಿಂದ ಕೂಸನ್ನು ಎತ್ತಿಕೊಳ್ಳುವವರನ್ನು ನಾನು ನೋಡಿಲ್ಲ. ಆದರೂ ಒಂದು ವಿಚಿತ್ರ ಗಮನಿಸಿದೆ. ಕೂಸಿನ ಕೈ ಮುಖದ ಹತ್ತಿರ ಬಂತೆಂದರೆ ಅವರ ತಲೆ ತಟ್ಟನೆ ಹಿಂದಕ್ಕೆ ಹೋಗುತ್ತಿತ್ತು. ಎತ್ತಿಕೊಂಡಾಗಲೆಲ್ಲ ಆ ಪುಟ್ಟ ಮುಷ್ಟಿಗಳೆರಡನ್ನೂ ತಮ್ಮ ಒಂದು ಕೈಯಲ್ಲಿ ಹಿಡಿದೇ ಇರುತ್ತಿದ್ದರು.

ಅದೇ ದಿನಗಳಲ್ಲಿ ಒಮ್ಮೆ ಅವರು ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸುತ್ತ ಕೂತಿದ್ದರು. ಸೆರಗಿನೊಳಗೆ ಹೊಕ್ಕ ಕನ್ನಡಕದ ಕಾಲನ್ನು ನೋಡುತ್ತ ನೋಡುತ್ತ ನನಗೆ ಸುಮ್ಮನಿರಲಾಗಲಿಲ್ಲ.

“ಅತ್ತಿ, ಈ ಕನ್ನಡಕ ನಿಮ್ಮ ಕಿವಿ ಚುಚ್ಚೈತೇನ್ರಿ?”

“ಹುಚ್ಚಿ. ಕನ್ನಡಕ ಯಾಕ ಚುಚ್ಚತೈತಿ? ಕಿವಿ ಮ್ಯಾಲೆ ಕುಂದ್ರತೈತಿ.”

“ಮತ್ತ ಓಲಿ ಯಾಕ ಹಂಗ ಕುಂದರಬಾರದು?”

ಅವರು ತಲೆ ಎತ್ತದೆ ಒಂದು ಕಲ್ಲು ಆರಿಸಿ ಎಸೆದರು. ಬೇಡ ಎನ್ನಲಿಲ್ಲ.

ಕಿವಿಯ ಮೇಲಿಂದ ಹಾಯ್ದು, ಹಿಂದಿನಿಂದ ಇಳಿದು, ಹಾಲೆಯ ಕೆಳಗಿಂದ ಮುಂದಕ್ಕೆ ಬರುವ ಒಂದು ತೆಳುವಾದ ಪಟ್ಟಿ. ಮುಂದೆ, ಸೀಳನ್ನು ಮುಚ್ಚುವ ಹಾಗೆ ಬೆಂಡೋಲೆ. ತೂತು ಬೇಡ, ಗೋಂದು ಬೇಡ. ಹೇಳುವುದು ಸುಲಭ. ಆದರೆ ಒಬ್ಬರ ಕಿವಿಯಂತೆ ಇನ್ನೊಬ್ಬರ ಕಿವಿ ಇರುವುದಿಲ್ಲ. ನನಗೆ ಅತ್ತೆಯ ಕಿವಿಯ ಅಚ್ಚೇ ಬೇಕಿತ್ತು.

ಅದು ಸಿಕ್ಕಿದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಆ ದಿನ ನಮ್ಮ ಕಡೆ ಮನೆಮನೆಯಲ್ಲೂ ಎರೆಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುತ್ತಾರೆ. ಅತ್ತೆ ಮಾಡಿದ ಎತ್ತುಗಳಿಗೆ ಕೊಂಬು, ಹೆಗಲ ಮೇಲಿನ ಇಣಿ, ಕೊರಳ ಕೆಳಗಿನ ಗಂಗೆದೊಗಲು ಎಲ್ಲ ಇರುತ್ತವೆ. ಓಣಿಯವರು ಬಂದು ನೋಡಿ ಹೋಗುತ್ತಾರೆ. ಎತ್ತು ಮಾಡಿ ಉಳಿದ ಮಣ್ಣು ಪರಾತದಲ್ಲಿತ್ತು, ಬೆಣ್ಣೆಯಂತೆ ನಾದಿದ್ದು. ನಾನು ಕಿವಿಯ ಅಚ್ಚು ಕೇಳಿದೆ. ಅತ್ತೆ, “ಬಸವಣ್ಣನ ಮಣ್ಣು ಕಿವಿಗೆ ಹಚ್ಚತಿಯೇನ?” ಎಂದರು. ನಾದಿನಿ ಕೂಸಿಗೆ ಹಾಲೂಡಿಸಲು ಒಳಗೆ ಹೋಗುತ್ತಾ, “ಕೊಡವಾ, ಆಡ್ಲಿ ಅಕಿ,” ಎಂದಳು.

ಅತ್ತೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು. ಕಿವಿಯೊಳಗೆ ಹತ್ತಿ ಇಟ್ಟು, ಎಣ್ಣೆ ಸವರಿ, ತಣ್ಣಗಿನ ಮಣ್ಣನ್ನು ಮೆಲ್ಲಗೆ ಒತ್ತಿದೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರೂ ಅವರ ತಲೆಯ ಭಾರ ಎಷ್ಟೆಂದು ನನಗೆ ಗೊತ್ತಿರಲಿಲ್ಲ. ಅವರ ಮುಖ ಗೋಡೆಯ ಕಡೆಗಿತ್ತು. ಗೋಡೆಗೆ ಹೇಳುವವರಂತೆ ಹೇಳಿದರು.

“ಎಮ್ಮಿ ಅಲ್ಲವಾ ಅದು.”

“ಏನ್ರಿ ಅತ್ತಿ?”

“ಕಿವಿ ಹರದದ್ದು. ನಿನ್ನ ಗಂಡ ಹರದದ್ದು. ಕೂಸಿತ್ತು, ಹಲ್ಲು ಬರೂ ವ್ಯಾಳ್ಯೆ. ಬೆಂಡೋಲಿ ಕೆಂಪಗ ಹೊಳೀತಿತ್ತಲ್ಲ, ಮುಷ್ಟ್ಯಾಗ ಹಿಡದು ಎಳದ ಬಿಡ್ತು. ಅದರ ಅಂಗಿ ತುಂಬ ರಕ್ತ. ನಮ್ಮತ್ತಿ ಭಾಳ ಕಡಕ್ ಇದ್ರು. ತಾಯಿ ರಕ್ತ ಹರಿಸಿದ ಕೂಸು ಅಂತ ಹೆಸರಿಟ್ರ ಅದು ಸಾಯೂತನಕ ಹೋಗೂದಿಲ್ಲ. ಅದಕ್ಕ ಅಂಗಿ ಬದಲಿ ಮಾಡಿ, ಕೊಟ್ಟಿಗ್ಯಾಗ ಹೋಗಿ ಒದರಿದೆ, ಎಮ್ಮಿ ಎಳೀತು ಅಂತ.”

“ಎಮ್ಮಿ ಏನಾತ್ರಿ?”

“ಮಾರಿಬಿಟ್ರು. ಎರಡೂ ಹೊತ್ತು ಹಾಲು ಕೊಡ್ತಿತ್ತು, ಪಾಪ.”

ನನಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಕಣ್ಣೀರು ಅವರ ಕೆನ್ನೆಯ ಮೇಲೆ ಬಿದ್ದೀತೆಂದು ತಲೆ ಎತ್ತಿ ಮೇಲಿನ ಜಂತಿ ನೋಡುತ್ತ ಕೂತೆ. “ಅವಂಗ ಹೇಳಬ್ಯಾಡ,” ಎಂದರು ಅತ್ತೆ. “ಹೆಂಗರಳಿನಾಂವ. ತಾ ಮಾಡಲಾರದ್ದಕ್ಕೂ ಮರಗತಾನ.”

ಮಣ್ಣು ಬಿಗಿಯಾದ ಮೇಲೆ ಬಿಡಿಸಿದೆ. ಒಳಗೆ ಕಿವಿಯ ಅಚ್ಚು ಮೂಡಿತ್ತು, ಸೀಳಿನ ಗೆರೆ ಸಮೇತ. ಅದರೊಳಗೆ ಪ್ಲಾಸ್ಟರ್ ಸುರಿದು ಒಣಗಿಸಿದಾಗ ಬಿಳಿಯ ಒಂದು ಕಿವಿ ಕೈಗೆ ಬಂತು. ಅಂದಿನಿಂದ ನನ್ನ ಲೆಕ್ಕಾಚಾರವೇ ಬದಲಾಯಿತು. ಓಲೆ ಕಿವಿಯ ಮೇಲೆ ನಿಲ್ಲಬೇಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಈಗ ಇನ್ನೊಂದು ಸೇರಿತು. ಬಗ್ಗಿದರೆ ಬೀಳಬಾರದು, ಆದರೆ ಯಾರಾದರೂ ಎಳೆದರೆ ನೋಯಿಸದೆ ಬಂದುಬಿಡಬೇಕು.

ಪ್ಲಾಸ್ಟರ್ ಕಿವಿಯ ಮೇಲೆ ಬೇಯಿಸಿದ ಮೊದಲನೆಯ ಪಟ್ಟಿ ಅದರಿಂದ ತೆಗೆಯುವಾಗಲೇ ಮುರಿಯಿತು. ಎರಡನೆಯದು ಹಾಕುವಾಗ ಮುರಿಯಿತು. ಅಲ್ಲಿಂದ ಮುಂದೆ ಲೆಕ್ಕ ಇಡುವುದು ಬಿಟ್ಟು ಮುರಿದ ಚೂರುಗಳನ್ನೆಲ್ಲ ಹಪ್ಪಳದ ಡಬ್ಬಿಗೆ ಹಾಕುತ್ತ ಹೋದೆ. ಡಬ್ಬಿ ತುಂಬಿತು, ಇನ್ನೊಂದು ಇಟ್ಟೆ. ಹಳೆಯದೊಂದು ಸಣ್ಣ ಓವನ್ ಹುಡುಕಿ ತಂದು ಹಿತ್ತಲ ಪಡಸಾಲೆಯಲ್ಲಿ ಇಟ್ಟುಕೊಂಡಿದ್ದೆ. ಬೇಯುವುದು ಅರ್ಧಕ್ಕೆ ಬಂದಾಗ ಕರೆಂಟು ಹೋಗುತ್ತಿತ್ತು. ಹಾವೇರಿಗೆ ಬಂದಿಳಿಯುವ ಕ್ಲೇ ಪಾರ್ಸೆಲ್ಲು ಬಿಸಿಲಿಗೆ ಗಾಡಿಯಲ್ಲೇ ಅರೆಬೆಂದು ಬಂದಿತು ಒಮ್ಮೆ. ನಾದಿದರೆ ಪುಡಿ ಪುಡಿ. ಅತ್ತೆ ದೂರದಿಂದಲೇ ನೋಡಿ, “ಬಿಸಿನೀರು ಹಾಕಿ ಜಿಗಿ ತರಬೇಕು, ಜ್ವಾಳದ ಹಿಟ್ಟಿಗೆ ಹಾಕ್ದಂಗ,” ಎಂದು ಸಲಹೆ ಕೊಟ್ಟರು. ಹಾಕಿದೆ. ಪೂರಾ ಹಾಳಾಯಿತು. ನಾನು ನಕ್ಕೆ, ಅವರೂ ನಕ್ಕರು. ಕುಬಸದ ನಂತರ ನನ್ನ ಕೆಲಸ ನೋಡಿ ಅವರು ನಕ್ಕದ್ದು ಅದೇ ಮೊದಲು.

ಪಟ್ಟಿ ಯಾಕೆ ಮುರಿಯುತ್ತದೆ ಎಂಬುದು ಬಹಳ ದಿನ ತಿಳಿಯಲಿಲ್ಲ. ದಪ್ಪ ಮಾಡಿದೆ, ಭಾರವಾಯಿತು. ಒಳಗೆ ತಂತಿ ಇಟ್ಟೆ, ಕಿವಿಯ ಹಿಂದೆ ಕೆಂಪಾಗಿ ತುರಿಕೆ ಎದ್ದಿತು, ಅದು ನನ್ನ ಕಿವಿ, ಪುಣ್ಯಕ್ಕೆ. ಪ್ರತಿಯೊಂದನ್ನೂ ಮೊದಲು ನನ್ನ ಕಿವಿಯ ಅಳತೆಗೆ ಮಾಡಿ, ನಾನೇ ಹಾಕಿಕೊಂಡು ಕಸ ಗುಡಿಸುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ, ಹಾವೇರಿಯ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೆ. ಮನೆಗೆ ಬಂದು ಎಳೆದು ನೋಡುತ್ತಿದ್ದೆ. ತಪ್ಪು ಕೊನೆಗೂ ಸಿಕ್ಕಿತು, ಅದು ನನ್ನ ಹೆದರಿಕೆಯಲ್ಲಿತ್ತು. ಬೇಕರಿಯ ಘಾಟಿನ ದಿನದಿಂದ ನನಗೆ ಎಲ್ಲಿ ಸುಟ್ಟುಹೋಗುತ್ತದೋ ಎಂಬ ದಿಗಿಲು. ಸ್ವಲ್ಪ ಗಟ್ಟಿಯಾದರೆ ಸಾಕು, ಹೊರಗೆ ತೆಗೆಯುತ್ತಿದ್ದೆ. ಒಂದು ಮಧ್ಯಾಹ್ನ ಕೂಸನ್ನು ಮಲಗಿಸಲು ಹೋಗಿ ನಾನೂ ಅದರ ಜೊತೆ ನಿದ್ದೆ ಹೋದೆ. ಎದ್ದು ಓಡಿ ಓವನ್ ತೆಗೆದರೆ ಪಟ್ಟಿ ಸುಟ್ಟಿರಲಿಲ್ಲ. ತಣ್ಣಗಾದ ಮೇಲೆ ಬಾಗಿಸಿದೆ, ಬಾಗಿತು. ಬಿಟ್ಟೆ, ಮೊದಲಿನಂತಾಯಿತು. ಸಣ್ಣ ಶಾಖದಲ್ಲಿ ಹೆಚ್ಚು ಹೊತ್ತು ಇರಬೇಕು, ಅಷ್ಟೇ. ಇಷ್ಟು ದಿನ ನಾನು ಎಲ್ಲವನ್ನೂ ಹಸಿ ಹಸಿ ತೆಗೆದು, ಮುರಿಯಿತೆಂದು ಮಣ್ಣಿಗೆ ಬೈಯುತ್ತಿದ್ದೆ.

ಪ್ಲಾಸ್ಟರ್ ಕಿವಿ ಪಡಸಾಲೆಯ ಕಿಟಕಿಯಲ್ಲಿರುತ್ತಿತ್ತು. ನನ್ನ ಗಂಡ ಮೆಣಸಿನಕಾಯಿ ಚೀಲಗಳನ್ನಿಡುವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತಾನೆ, ಬೇಸಿಗೆಯಲ್ಲೂ ಸ್ವೆಟರ್ ಹಿಡಿದು ಹೋಗುವ ಮನುಷ್ಯ. ಒಂದು ಸಂಜೆ ಬ್ಯಾಗು ಇಳಿಸಿ ಕಿಟಕಿಯ ಮುಂದೆ ನಿಂತ.

“ಇದು ಅವ್ವನ ಕಿವಿ ಅಲ್ಲೇನು?”

“ಹೂಂ.”

ಅವನು ಅದನ್ನು ಕೈಗೆತ್ತಿಕೊಂಡು ಸೀಳಿನ ಮೇಲೆ ಹೆಬ್ಬೆರಳು ಆಡಿಸಿದ. “ಎಷ್ಟ ಜೋರ ಎಳದಿದ್ದೀತು ಆ ಎಮ್ಮಿ,” ಎಂದ. ನಾನು ಓವನ್ನಿನ ಕಡೆ ತಿರುಗಿ ಇಲ್ಲದ ಬೂದಿಯನ್ನು ಒರೆಸಿದೆ.

ಕೆಂಪು ಬಣ್ಣ ಕೊನೆಗೆ ಕೂಡಿ ಬಂದದ್ದು ಹೀಗೆ ಬೆರೆಸುತ್ತ, ಹಾಗೆ ಬೆರೆಸುತ್ತ. ಗಾಢ ಕೆಂಪಿಗೆ ಚೂರು ಕಿತ್ತಳೆ, ಒಂದು ಸಾಸಿವೆಯಷ್ಟು ಕಪ್ಪು, ಮೇಲೆ ಅರೆಪಾರದರ್ಶಕದ ತೆಳು ಪದರ. ಖಾರದ ಪುಡಿ ಇಲ್ಲ. ಅತ್ತೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಾಗ ಹೊಸ ಬೆಂಡೋಲೆಯೊಂದನ್ನು ಅವರ ಮೊರದಲ್ಲಿ ಇಟ್ಟು ಪಕ್ಕದಲ್ಲಿ ಕೂತೆ. ಅವರು ಅದನ್ನೂ ಮೆಣಸಿನಕಾಯಿಯ ಜೊತೆ ಎತ್ತಿಕೊಂಡು ತೊಟ್ಟು ಹುಡುಕಿದರು. ಆಮೇಲೆ ಬಿಸಿಲಿಗೆ ಹಿಡಿದು ನೋಡಿ, “ಇದ ನೋಡವಾ ಆ ಕೆಂಪು. ಖರೇನ ಬಂದೈತಿ,” ಎಂದರು.

ಎಡಗಿವಿಗೂ ಅಂಥದ್ದೇ ಚುಚ್ಚದ ಪಟ್ಟಿ ಮಾಡಿದ್ದೆ. ಅತ್ತೆ ಎರಡೂ ಕಿವಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಸೀಳು ಕಾಣುತ್ತಿರಲಿಲ್ಲ. ಬಹಳ ಹೊತ್ತು ನಿಂತಿದ್ದರು. ನಂತರ ತೆಗೆದು, ಸೀರೆಗಳ ನಡುವೆ ಕಪಾಟಿನಲ್ಲಿಟ್ಟರು. ಯಾಕೆ ಎಂದು ಕೇಳಿದರೆ, “ಮನ್ಯಾಗ ಹಾಕ್ಕೊಂತೇನಿ. ನಾಕು ಮಂದಿ ಮುಂದ ಬ್ಯಾಡ. ಮತ್ತ ಯಾರದರ ಎಲ್ಯಾಗ ಬಿದ್ದೀತು,” ಎಂದರು. ಬೀಳುವುದಿಲ್ಲ ಎಂದು ನಾನು ತಲೆ ಕೊಡವಿ, ಕುಣಿದು, ಬಗ್ಗಿ ತೋರಿಸಿದೆ. ಅವರು ಹುಗ್ಗಿಯ ದಿನವನ್ನು ಮರೆತಿರಲಿಲ್ಲ. ನಾನೂ ಮರೆತಿರಲಿಲ್ಲ, ಹಾಗಾಗಿ ವಾದ ಬೆಳೆಸಲಿಲ್ಲ.

ಕೂಸಿಗೆ ವರ್ಷ ತುಂಬುವ ಮುಂಚೆ ಜವಳ ತೆಗೆಸಲು ಎಲ್ಲರೂ ಕದರಮಂಡಲಗಿಯ ಗುಡಿಗೆ ಹೋದೆವು. ಜವಳವೆಂದರೆ ಮೊದಲ ಕೂದಲು. ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂರಿಸಿ ತೆಗೆಸುವುದು ವಾಡಿಕೆ, ಅಂದರೆ ನನ್ನ ಗಂಡನ ತೊಡೆಯ ಮೇಲೆ. ಬೀಗರು, ಬಿಜ್ಜರು, ಕುಬಸದ ಪಂಕ್ತಿಯಲ್ಲಿದ್ದವರಲ್ಲಿ ಅರ್ಧದಷ್ಟು ಜನ ಅಲ್ಲಿದ್ದರು. ಅತ್ತೆ ಕಾರಿನಿಂದ ಇಳಿದಾಗ ಸೆರಗು ಕಿವಿಯ ಮೇಲೆ ಭದ್ರವಾಗಿತ್ತು. ಒಳಗೇನಿದೆ ಎಂದು ನಾನು ಕೇಳಲಿಲ್ಲ. ಜನ್ಮದಲ್ಲಿ ಒಮ್ಮೆಯಾದರೂ ಬಾಯಿ ಮುಚ್ಚಿಕೊಂಡಿದ್ದೆ. ಅವರು ಎಲ್ಲರ ಹಿಂದೆ, ಕಂಬದ ಮಗ್ಗುಲಿಗೆ ನಿಂತರು. ಇಲ್ಲಿ ಅಡುಗೆಮನೆ ಇರಲಿಲ್ಲ, ಇದ್ದಿದ್ದರೆ ಅಲ್ಲಿರುತ್ತಿದ್ದರು.

ಕತ್ತಿ ತಲೆಗೆ ತಾಗಿದ್ದೇ ಕೂಸು ಕಿರುಚಲು ಶುರು ಮಾಡಿತು. ಕೊಸರಾಡಿತು, ಬೆನ್ನು ಸೆಟೆಸಿತು. ಕ್ಷೌರಿಕ ಕೈ ತೆಗೆದ. ನಾದಿನಿ ಗಿಲಕಿ ಆಡಿಸಿದಳು, ಅದರ ಅಪ್ಪ ಹಾಡಿದ, ನಾನು ಬೆಕ್ಕಾದೆ, ನಾಯಿಯಾದೆ. ಏನೂ ನಡೆಯಲಿಲ್ಲ. ಅದಕ್ಕೆ ಬೇಕಾದದ್ದು ದಿನಾ ಎರೆಯುವ ಅಜ್ಜಿ. ಕಂಬದ ಕಡೆ ಕೈ ಚಾಚಿ ಚಾಚಿ ಅತ್ತಿತು. ನನ್ನ ಗಂಡ, “ಅವ್ವಾ, ನೀನ ಬಾ,” ಎಂದ.

ಅತ್ತೆ ಬಂದರು. ಮಗನ ಮುಂದೆ ಕೂತು, ಮೊಮ್ಮಗನ ಮುಖದ ಹತ್ತಿರ ಬಾಗಿ ಏನೋ ಗುನುಗಿದರು. ಕೂಸು ಅಳು ನಿಲ್ಲಿಸಿ ಮೊದಲು ಸೆರಗು ಹಿಡಿದು ಎಳೆಯಿತು. ಸೆರಗು ಹೆಗಲಿಗೆ ಜಾರಿತು. ಎರಡೂ ಕಿವಿಯಲ್ಲಿ ಕೆಂಪು ಬೆಂಡೋಲೆ ಇದ್ದವು. ನಾನು ಉಸಿರು ಹಿಡಿದೆ. ಅದನ್ನು ಬಿಡುವಷ್ಟರಲ್ಲಿ ಕೂಸು ಬಲಗಿವಿಯ ಬೆಂಡೋಲೆಯನ್ನು ಮುಷ್ಟಿ ತುಂಬ ಹಿಡಿದು ಬಲವಾಗಿ ಎಳೆದುಬಿಟ್ಟಿತು.

ಅತ್ತೆಯ ಕೈ ಕಿವಿಗೆ ಹೋಯಿತು. ಅವರು ಕೈಯನ್ನು ಕಣ್ಣ ಮುಂದೆ ತಂದು ಬೆರಳುಗಳನ್ನು ನೋಡಿಕೊಂಡರು. ತಿರುಗಿಸಿ ಮತ್ತೆ ನೋಡಿಕೊಂಡರು. ಬೆರಳಿಗೆ ಏನೂ ಹತ್ತಿರಲಿಲ್ಲ. ಕೂಸಿನ ಮುಷ್ಟಿಯಲ್ಲಿ ಪಟ್ಟಿ ಸಮೇತ ಓಲೆ ಪೂರ್ತಿಯಾಗಿ ಇತ್ತು, ಅದನ್ನದು ಬಾಯಿಗೆ ಒಯ್ಯುತ್ತಿತ್ತು.

ಅತ್ತೆ ನಕ್ಕರು. ಸೀಳಿದ ಕಿವಿ ಎಲ್ಲರ ಕಣ್ಣ ಮುಂದಿತ್ತು, ಅವರು ಮುಚ್ಚಿಕೊಳ್ಳಲಿಲ್ಲ. ಕತ್ತು ಹೊರಳಿಸಿ ಇನ್ನೊಂದು ಕಿವಿಯನ್ನು ಕೂಸಿನ ಮುಂದೆ ಹಿಡಿದು, “ತಗೋ, ಇದನ್ನೂ ಎಳಿ,” ಎಂದರು. ಆಮೇಲೆ, ನಗುತ್ತಲೇ, “ನಿಮ್ಮ ಮಾಮಾನ ಕೈಗೆ ಆವಾಗ ಇಂಥಾದ್ದು ಸಿಕ್ಕಿದ್ರ ಎಮ್ಮಿ ಉಳೀತಿತ್ತು ನೋಡಪಾ,” ಎಂದರು.

“ಯಾವ ಎಮ್ಮಿ?” ಎಂದರು ನನ್ನ ಮಾವ.

“ನೀವು ಮಾರಿದ್ದು.”

ನನ್ನ ಗಂಡ ಕೂಸಿನ ಮುಷ್ಟಿಯನ್ನು ನೋಡಿದ. ಅವ್ವನ ಕಿವಿಯನ್ನು ನೋಡಿದ. ನನ್ನ ಕಡೆ ನೋಡಿದಾಗ ನಾನು ತಲೆ ತಗ್ಗಿಸಿದೆ, ಅಷ್ಟರಲ್ಲೇ ಅವನಿಗೆ ತಿಳಿಯಿತು. ಅವನ ಕಣ್ಣು ತುಂಬಿತು. “ಅವ್ವಾ,” ಎಂದ.

“ಅಳಾಕ ಏನಾಗೇತಿ? ಕೂಸು ಬಾಯಾಗ ಇಟ್ಕೊಂತೈತಿ, ಇಸ್ಕೋ ಲಗೂ.”

ಅವನು ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಓಲೆ ತೆಗೆದುಕೊಂಡ. ಅಂಗಿಗೆ ಒರೆಸಿದ. ಹೇಗೆ ಹಾಕುವುದೆಂದು ಅವನಿಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಒಂದು ಕೈಯಲ್ಲಿ ಕೂಸನ್ನು ತಬ್ಬಿಕೊಂಡು ಇನ್ನೊಂದು ಕೈಯಿಂದ ಅವ್ವನ ಕೂದಲು ಸರಿಸಿ, ಪಟ್ಟಿಯನ್ನು ಕಿವಿಯ ಹಿಂದೆ ಸಿಕ್ಕಿಸಿದ. ತಲೆಕೆಳಗಾಗಿ ಸಿಕ್ಕಿಸಿದ. ಸರಿಮಾಡಲು ನನ್ನ ಕೈ ಮುಂದೆ ಹೋಯಿತು, ಮತ್ತೆ ಹಿಂದಕ್ಕೆ ತೆಗೆದುಕೊಂಡೆ.

ಆ ದಿನದ ಫೋಟೋಗಳಲ್ಲೆಲ್ಲ ಅತ್ತೆ ಮುಂದೆಯೇ ಇದ್ದಾರೆ. ಬಲಗಿವಿಯ ಓಲೆ ಎಲ್ಲದರಲ್ಲೂ ತಲೆಕೆಳಗಿದೆ.